ಬೇಡ ಅಂದವರ ಸರದಿ

ಡಬ್ಬಿಯಿಂದ ಮೂವತ್ತು ಬಿಳಿ ಗುಂಡಿಗಳು ಮೇಜಿನ ಮೇಲೆ ಸುರಿದವು. ಅವುಗಳ ನಡುವೆ ಒಂದೇ ಒಂದು ಕಪ್ಪು. ಕೆಲಸಗಾರರಲ್ಲೆಲ್ಲ ಹಿರಿಯಳಾದ ದೊಡ್ಡಕ್ಕ ಡಬ್ಬಿಯನ್ನು ಬೋರಲು ಹಾಕಿ ತಳಕ್ಕೆ ಎರಡು ಸಲ ತಟ್ಟಿದಳು. ಇನ್ನೇನೂ ಬೀಳಲಿಲ್ಲ.

"ಸರಿ, ಆಯ್ತು. ಬಾಯ್ಲರು ಇನ್ಮೇಲೆ ಎಲ್ಲರ ಸರದಿಗೂ ಬರುತ್ತೆ. ಬೇಡ ಅಂದೋರು ಯಾರಪ್ಪಾ? ಎದ್ದು ನಿಲ್ಲಿ," ಎಂದಳು.

ಯಾರೂ ಏಳಲಿಲ್ಲ.

ನಮ್ಮದು ಬಟ್ಟೆ ಒಗೆಯುವ ಕಾರ್ಖಾನೆ. ನಾಲ್ಕು ಆಸ್ಪತ್ರೆಗಳ ಹಾಸು, ಹೊದಿಕೆ, ರೋಗಿಗಳ ನಿಲುವಂಗಿ, ವೈದ್ಯರ ಕೋಟು ಎಲ್ಲ ಬರುವುದು ಇಲ್ಲಿಗೇ. ಐದು ವರ್ಷದ ಹಿಂದೆ ಮಾಲೀಕ ಒಂದು ಬೆಳಿಗ್ಗೆ ಗೇಟಿಗೆ ಬೀಗ ಜಡಿದು, ಯಂತ್ರಗಳನ್ನು ಬಿಚ್ಚಿ ಮಾರಲು ಲಾರಿ ಕಳಿಸಿದ. ನಾವು ಮೂವತ್ತೊಂದು ಜನ ಗೋಡೆ ಹಾರಿ ಒಳಗೆ ಹೋಗಿ ಕೂತುಬಿಟ್ಟೆವು. ನಲವತ್ತು ದಿನ ಕೂತೆವು. ಆಮೇಲೆ ಕೂತೂ ಕೂತೂ ಬೇಜಾರಾಗಿ ಒಗೆಯಲು ಶುರು ಮಾಡಿದೆವು. ಅಂದಿನಿಂದ ನಮಗೆ ಮಾಲೀಕನಿಲ್ಲ, ಮೇಸ್ತ್ರಿಯಿಲ್ಲ. ಎಲ್ಲರಿಗೂ ಒಂದೇ ಸಂಬಳ, ಮೂರು ತಿಂಗಳಿಗೊಮ್ಮೆ ಕೆಲಸದ ಸರದಿ ಬದಲು. ಒಗೆಯುವಾಗ ಉದುರಿದ ಗುಂಡಿಗಳೇ ನಮ್ಮ ಮತ. ತೆಳ್ಳಗಿನ ಬಿಳಿ ಗುಂಡಿ ಹಾಕಿದರೆ ಆಗಲಿ ಎಂದು, ಕೋಟಿನ ದಪ್ಪ ಕಪ್ಪು ಗುಂಡಿ ಹಾಕಿದರೆ ಬೇಡ ಎಂದು. ದೊಡ್ಡ ದೊಡ್ಡ ಕಾಲೇಜುಗಳಿಂದ ಓದಿದವರು ಪುಸ್ತಕ ಹಿಡಿದು ನೋಡಲು ಬರುತ್ತಾರೆ. ಒಬ್ಬ ಮಹಾನುಭಾವ ಬಾಗಿಲಲ್ಲೇ ನಿಂತು, ಬಂಡವಾಳಶಾಹಿಗೆ ಪರ್ಯಾಯ ಅಂದರೆ ಇದೇ ನೋಡಿ ಎಂದು ಭಾಷಣ ಬಿಗಿಯುತ್ತಿದ್ದಾಗ ದೊಡ್ಡಕ್ಕ, "ಪರ್ಯಾಯ ಆಮೇಲೆ ನೋಡೋಣ, ಮೊದಲು ಈ ಹಾಸಿನ ತುದಿ ಹಿಡ್ಕೊಳ್ಳಿ," ಎಂದು ಅರ್ಧ ದಿನ ಅವನಿಂದ ಬಟ್ಟೆ ಮಡಿಸಿಕೊಂಡಿದ್ದಳು.

ನಮ್ಮಲ್ಲಿ ಇನ್ನೊಂದು ನಿಯಮವಿದೆ. ಬೇರೆಲ್ಲೂ ಇದ್ದಂತಿಲ್ಲ. ಒಂದು ವಿಷಯ ಬೇಡ ಎಂದು ಕಪ್ಪು ಗುಂಡಿ ಹಾಕಿದವರು, ಎಣಿಕೆ ಮುಗಿದ ಮೇಲೆ ಎದ್ದು ನಿಂತು ತಾವೇ ಆ ಕೆಲಸವನ್ನು ಮಾಡಿ ಮುಗಿಸಬೇಕು. ಬೇಡ ಅಂದವನಿಗೆ ಆ ಕೆಲಸದ ತೂತುಗಳೆಲ್ಲ ಮೊದಲೇ ಕಂಡಿರುತ್ತವೆ, ಅವನಷ್ಟು ಜೋಪಾನವಾಗಿ ಇನ್ಯಾರೂ ಮಾಡುವುದಿಲ್ಲ ಎನ್ನುವುದು ವಾದ. ನಗಬೇಡಿ, ಅದು ನಡೆಯುತ್ತದೆ. ಹಳೆಯ ವ್ಯಾನು ಕೊಳ್ಳುವುದೇ ಬೇಡ ಎಂದು ಹಾರಾಡಿದ್ದ, ಬಟ್ಟೆ ಸಾಗಿಸುವ ಗಾಡಿಯವನನ್ನೇ ಅದನ್ನು ಕೊಳ್ಳಲು ಕಳಿಸಿದ್ದೆವು. ಅವನು ಹನ್ನೊಂದು ವ್ಯಾನುಗಳ ಕೆಳಗೆ ಮಲಗಿ ನೋಡಿ ತಂದದ್ದು ಈಗಲೂ ಓಡುತ್ತಿದೆ.

ಈ ನಿಯಮ ಮಾಡಿದವನು ನನ್ನ ಅಣ್ಣ. ಕಾರ್ಖಾನೆಯವರೆಲ್ಲ ಅವನನ್ನು ಉಗಿಯಣ್ಣ ಎನ್ನುತ್ತಾರೆ. ಗೋಡೆ ಹಾರಿದವರಲ್ಲಿ ಮೊದಲಿಗ ಅವನೇ. ಇಪ್ಪತ್ತೆರಡು ವರ್ಷದಿಂದ ಬಾಯ್ಲರಿನ ಮುಂದೆ ನಿಂತವನೂ ಅವನೇ, ಮತ್ತು ತಕರಾರು ಅಲ್ಲೇ ಇದ್ದದ್ದು. ನಾನು ಇಸ್ತ್ರಿಯಿಂದ ಒಗೆತಕ್ಕೆ, ಒಗೆತದಿಂದ ಬಟ್ಟೆ ಮಡಿಕೆಗೆ, ಮಡಿಕೆಯಿಂದ ಶೌಚಾಲಯ ತೊಳೆಯುವುದಕ್ಕೆ ಸುತ್ತಿ ಬಂದಿದ್ದೇನೆ. ಅವನು ಮಾತ್ರ ಐದು ವರ್ಷದಲ್ಲಿ ಒಂದು ದಿನವೂ ಬಾಯ್ಲರು ಬಿಟ್ಟು ಕದಲಿಲ್ಲ. ಸಮಾನತೆಯ ಬಗ್ಗೆ ಮೂರು ಗಂಟೆ ಮಾತಾಡಬಲ್ಲ, ಯಾರಾದರೂ ಒಂದು ನಲ್ಲಿ ಮುಟ್ಟಿದರೆ ಕೈ ಕಿತ್ತು ಹಾಕುವಂತೆ ನೋಡುತ್ತಾನೆ. "ನಮಗೆಲ್ಲ ಸರದಿ, ಅಣ್ಣಂಗೆ ಮಾತ್ರ ಸಿಂಹಾಸನವಾ?" ಎಂದು ಗಾಡಿಯವನು ಸಭೆಯಲ್ಲಿ ಕೇಳಿಯೇಬಿಟ್ಟ. ಅಣ್ಣ ಕೆಂಪಗಾಗಿ ಎದ್ದು ನಿಂತು, "ಹಾಕಿ ಗುಂಡಿ. ನನ್ನದು ಬಿಳೀನೇ. ತನ್ನ ಕುರ್ಚಿಗೆ ತಾನೇ ಕೈ ಎತ್ತೋನು ನಾಚಿಕೆಗೆಟ್ಟೋನು," ಎಂದ. ಮೊದಲ ವರ್ಷದಿಂದಲೂ ಅವನು ಹೇಳಿಕೊಂಡು ಬಂದ ಮಾತು ಅದು.

ಹಾಗಾಗಿ ಆ ಕಪ್ಪು ಗುಂಡಿ ಅವನದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಇನ್ನು ಯಾರದಿರಬೇಕು? ಮೂವತ್ತು ಮುಖಗಳೂ ಒಂದೊಂದಾಗಿ ನನ್ನ ಕಡೆ ತಿರುಗಿದವು.

ನಾನು ಹಾಕಿದ್ದು ಬಿಳಿ.

ಕಾರಣ ಹೇಳುತ್ತೇನೆ. ಗಂಡ ತೀರಿಕೊಂಡ ಮೇಲೆ ನಾನು ಇರುವುದು ಅಣ್ಣನ ಮನೆಯಲ್ಲೇ. ಆರು ತಿಂಗಳ ಹಿಂದೆ ಒಂದು ಸಂಜೆ ಅವನು ಒಳಗೆ ಬಂದವನೇ, ಬಾಗಿಲ ಹಿಂದೆ ತೂಗುಹಾಕಿದ್ದ ನನ್ನ ಕೋಟಿಗೆ, "ಯಾಕೆ ನಿಂತೇ ಇದ್ದೀಯ, ಕೂತ್ಕೋ," ಎಂದ. ನಾನು ಅಡುಗೆಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ಅರ್ಧಕ್ಕೆ ನಿಂತಿತು. ಅಂದಿನಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಲೋಟದ ಪಕ್ಕಕ್ಕೆ ಚಹಾ ಸುರಿಯುತ್ತಿದ್ದ. ಮೆಟ್ಟಿಲನ್ನು ಕಾಲಿನಿಂದ ತಡಕುತ್ತಿದ್ದ. ಅತ್ತಿಗೆಗೂ ಗೊತ್ತಿತ್ತು. ಆದರೆ ನಾವಿಬ್ಬರೂ ಆ ಮಾತನ್ನು ಒಮ್ಮೆಯೂ ಬಾಯಿಗೆ ತರಲಿಲ್ಲ. ಬಾಯ್ಲರಿನ ಎದುರಿಗೆ ಒಂದು ಗಾಜಿನ ಕೊಳವೆಯಿದೆ, ಒಳಗಿನ ನೀರು ಎಲ್ಲಿದೆ ಎಂದು ತೋರಿಸುವುದು ಅದೊಂದೇ. ಆ ನೀರಿನ ಗೆರೆಯನ್ನು ನೋಡಲಾರದವನ ಕೈಯಲ್ಲಿ ಮೂವತ್ತೊಂದು ಜನರ ಜೀವವಿತ್ತು. ನಾನು ಸಭೆಯಲ್ಲಿ ಎದ್ದು ಇದನ್ನು ಹೇಳಬೇಕಾಗಿತ್ತು. ಹೇಳಲಿಲ್ಲ. ಕಳ್ಳಿಯ ಹಾಗೆ ಬಿಳಿ ಗುಂಡಿ ಹಾಕಿ ಕೂತೆ.

ಈಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಣ್ಣನೂ ನನ್ನ ದಿಕ್ಕಿಗೆ ಮುಖ ಮಾಡಿದ್ದ. ನಾನು ಏಳದಿದ್ದರೆ ತಂಗಿಯೂ ತನ್ನ ಕಡೆ ಇರಲಿಲ್ಲ ಎಂದು ಅವನಿಗೆ ಎಲ್ಲರ ಎದುರು ಗೊತ್ತಾಗಿಬಿಡುತ್ತದೆ. ನನ್ನ ಬಾಯಿಗೆ ಬೀಗ ಬಿದ್ದಿತ್ತು, ಕಾಲಿಗೆ ಮಾತ್ರ ಅದೇನಾಯಿತೋ. ಎದ್ದು ನಿಂತೆ.

"ನನಗೆ ಗೊತ್ತಿತ್ತು ಬಿಡು," ಎಂದಳು ದೊಡ್ಡಕ್ಕ, ಮೆತ್ತಗೆ. "ಸರಿ ಹಾಗಾದ್ರೆ. ಬಾಯ್ಲರಿನ ಮೊದಲ ಸರದಿ ನಿನ್ನದೇ. ಅಣ್ಣನ ಹತ್ರ ಕಲಿ. ಮುಂದಿನ ಗುರುವಾರ ತಪಾಸಣೆಗೆ ಬರ್ತಾರೆ, ನೆನಪಿದೆ ತಾನೇ?"

ನೆನಪಿಲ್ಲದೆ ಏನು. ವರ್ಷಕ್ಕೊಮ್ಮೆ ಬಾಯ್ಲರು ಅಧಿಕಾರಿ ಬಂದು ನೋಡಿ ಪತ್ರ ಕೊಡಬೇಕು. ಪತ್ರವಿಲ್ಲದೆ ಬೆಂಕಿ ಹಚ್ಚುವಂತಿಲ್ಲ. ಉಗಿಯಿಲ್ಲದಿದ್ದರೆ ಒಗೆತವಿಲ್ಲ, ಒಗೆತವಿಲ್ಲದಿದ್ದರೆ ಆಸ್ಪತ್ರೆಯವರು ಎರಡೇ ದಿನದಲ್ಲಿ ಬೇರೆ ಕಡೆ ನೋಡುತ್ತಾರೆ. ಹಳೆಯ ಮಾಲೀಕ ಇನ್ನೂ ಕೋರ್ಟಿನ ಮೆಟ್ಟಿಲ ಮೇಲೇ ಕೂತಿದ್ದಾನೆ. ಕಾರ್ಖಾನೆ ನಿಂತಿದೆ ಎಂದು ಒಂದು ಅರ್ಜಿ ಕೊಟ್ಟರೆ ಸಾಕು, ಕಟ್ಟಡ ಅವನ ಪಾಲು. ತಪಾಸಣೆಗೆ ಒಂಬತ್ತೇ ದಿನ ಇರುವಾಗ ಐದು ವರ್ಷದ ದುಡಿಮೆ ನನ್ನ ತಲೆಯ ಮೇಲೆ ಬಂದು ಕೂತಿತು, ಅದೂ ಒಂದು ಸುಳ್ಳಿನ ದೆಸೆಯಿಂದ.

ಅಷ್ಟೇ ಅಲ್ಲ. ಆ ಕಪ್ಪು ಗುಂಡಿ ಹಾಕಿದವರು ಯಾರೋ ಒಬ್ಬರಿದ್ದರಲ್ಲ, ಅವರಿಗೆ ನಾನು ಸುಳ್ಳಿ ಎಂದು ಗೊತ್ತು. ಅವರು ಯಾವಾಗ ಬಾಯಿ ಬಿಡುತ್ತಾರೋ ಎನ್ನುವುದು ಬೇರೆ ಹೆದರಿಕೆ. ಎದುರಿಗೆ ಬಂದವರ ಮುಖವನ್ನೆಲ್ಲ ನೋಡುತ್ತಿದ್ದೆ. ಗಾಡಿಯವನು ಒಮ್ಮೆ ಸುಮ್ಮನೆ ಹಲ್ಲು ಕಿರಿದದ್ದಕ್ಕೆ ಅವನ ಮೇಲೆ ಹರಿಹಾಯ್ದೆ. ಪಾಪ, ಅವನು ಹಲ್ಲುನೋವಿಗೆ ಲವಂಗ ಕಚ್ಚಿಕೊಂಡಿದ್ದನಂತೆ.

ಮನೆಯಲ್ಲಿ ಅತ್ತಿಗೆ ನನ್ನ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದಳು. "ನೀನೊಬ್ಬಳೇ ಅಂತೆ ಇವರ ಪರ ನಿಂತದ್ದು. ಒಡಹುಟ್ಟಿದೋರು ಅಂದ್ರೆ ಹಾಗಿರ್ಬೇಕು," ಎಂದಳು. ನಾನು ತಟ್ಟೆಯ ಅನ್ನವನ್ನು ಕಲಸುತ್ತಾ ಕೂತೆ. ಅಣ್ಣ ತಲೆ ಎತ್ತದೆ ಊಟ ಮಾಡುತ್ತಿದ್ದ. ಕೈ ತೊಳೆಯಲು ಏಳುವಾಗ, "ನಾಳೆ ಆರಕ್ಕೆ ಬಾ," ಎಂದ. ಅಷ್ಟೇ.

ಮೊದಲ ಮೂರು ದಿನ ಅವನು ಏನೂ ಕಲಿಸಲಿಲ್ಲ. ಬಾಯ್ಲರಿನ ಕೋಣೆ ಇಕ್ಕಟ್ಟು, ಎಣ್ಣೆಯ ವಾಸನೆ, ಬಿಸಿ. ಅವನು ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕೂತು "ನೋಡು" ಎನ್ನುತ್ತಿದ್ದ. ಏನು ನೋಡಲಿ? ಒಂದು ದೊಡ್ಡ ಕಬ್ಬಿಣದ ಹೊಟ್ಟೆ, ಸುತ್ತ ಕೊಳವೆಗಳು, ಒತ್ತಡ ತೋರಿಸುವ ಮುಳ್ಳು, ನೀರಿನ ಗಾಜು, ಕೆಳಗೆ ಗುರುಗುಟ್ಟುವ ಬೆಂಕಿ. ನಡುನಡುವೆ ಅವನು ಎದ್ದು ಅಂಗೈಯನ್ನು ಒಂದು ಕೊಳವೆಗೆ ಹತ್ತಿರ ಹಿಡಿಯುತ್ತಿದ್ದ, ಕಿವಿ ವಾಲಿಸುತ್ತಿದ್ದ, ಒಂದು ನಲ್ಲಿ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರುತ್ತಿದ್ದ. ಗಾಜಿನ ಕಡೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಆದರೂ ನೀರು ಅಳೆದಿಟ್ಟಂತೆ ನಡುಮಧ್ಯದಲ್ಲೇ ಇರುತ್ತಿತ್ತು. ನನಗೆ ಆಶ್ಚರ್ಯವೂ ಆಯಿತು, ಹೊಟ್ಟೆಯೂ ಉರಿಯಿತು.

ನಾಲ್ಕನೇ ದಿನ ತಡೆಯಲಾಗಲಿಲ್ಲ. "ನೋಡು ನೋಡು ಅಂತೀಯಲ್ಲ, ನಾನೇನು ಸಿನಿಮಾ ನೋಡೋಕೆ ಬಂದಿದ್ದೀನಾ? ಇನ್ನು ಐದು ದಿನ ಇದೆ. ಬಾಯಿ ಬಿಟ್ಟು ಹೇಳ್ತೀಯೋ ಇಲ್ವೋ?"

"ಹೇಳೋದಕ್ಕೆ ಏನಿದೆ? ಸದ್ದು ಕೇಳು."

"ನಿನ್ನ ಕಿವಿ ನನಗೆ ಇಲ್ಲಪ್ಪಾ! ನನಗಿರೋದು ಕಣ್ಣು!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಒರೆಸುವ ಬಟ್ಟೆಯನ್ನು ತೊಡೆಯ ಮೇಲೆ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಆಮೇಲೆ ಎದ್ದು ಬಂದು ನನ್ನ ಮುಂಗೈ ಹಿಡಿದು ಗಾಜಿನ ಎದುರು ನಿಲ್ಲಿಸಿದ.

"ಹಾಗಾದ್ರೆ ಕಣ್ಣಿಂದಲೇ ಕಲಿ. ಗೆರೆ ಕಾಣಿಸ್ತಾ ಇದೆಯಾ?"

"ಇದೆ."

"ಮಧ್ಯದಲ್ಲಿದ್ರೆ ಸರಿ. ಕೆಳಗಿಳಿದ್ರೆ ಪಂಪು ಹಾಕು, ಮಧ್ಯಕ್ಕೆ ಬಂದ್ರೆ ನಿಲ್ಲಿಸು. ತಾನಾಗೇ ಓಡಿ ತಾನಾಗೇ ನಿಲ್ಲೋ ಸಾಮಾನು ಕೆಟ್ಟಿದೆ, ಹೊಸದು ಬರೋವರೆಗೂ ನೀನೇ ಹಾಕಬೇಕು, ನೀನೇ ನಿಲ್ಲಿಸಬೇಕು. ಆದ್ರೆ ಈ ಪಂಪನ್ನ ನಂಬಬೇಡ. ಒಮ್ಮೊಮ್ಮೆ ನೀರೆತ್ತದೆ ಬರೀ ಗಾಳೀಲಿ ತಿರುಗ್ತಾ ಇರುತ್ತೆ. ನೀನು ನೀರು ಹೋಗ್ತಿದೆ ಅಂದ್ಕೊಂಡಿರ್ತೀಯ, ಒಳಗೆ ಖಾಲಿಯಾಗ್ತಾ ಇರುತ್ತೆ."

"ಖಾಲಿಯಾದ್ರೆ?"

"ಖಾಲಿಯಾದ್ರೆ ಒಳಗಿನ ಕೊಳವೆ ಕೆಂಪಗೆ ಕಾದಿರುತ್ತೆ. ಅದರ ಮೇಲೆ ತಣ್ಣೀರು ಬಿತ್ತೋ, ಈ ಕೋಣೆ ಇರಲ್ಲ. ಆಚೆ ಇಸ್ತ್ರಿ ಮಾಡೋರೂ ಇರಲ್ಲ." ಅವನು ಉಗುಳು ನುಂಗಿದ. "ಈಗ ಮುಖ್ಯವಾದದ್ದು ಕೇಳು. ಈ ಗಾಜು ಪೂರ್ತಿ ತುಂಬಿದ್ರೂ ಗೆರೆ ಕಾಣಲ್ಲ, ಪೂರ್ತಿ ಖಾಲಿಯಾದ್ರೂ ಗೆರೆ ಕಾಣಲ್ಲ. ಎರಡೂ ಒಂದೇ ಥರ ಬರೀ ಗಾಜು. ಗೆರೆ ಕಾಣದಿದ್ರೆ ಲೆಕ್ಕಾಚಾರ ಹಾಕಬೇಡ, ಪಂಪು ಮುಟ್ಟಬೇಡ, ನೀರು ಬಿಡಬೇಡ. ಈ ಕೆಂಪು ಹಿಡಿ ಎಳೆದು ಬೆಂಕಿ ಆರಿಸು. ಯಾರ ಮಾತೂ ಕೇಳಬೇಡ. ನನ್ನ ಮಾತೂ ಕೇಳಬೇಡ. ಹೇಳು, ಏನು ಮಾಡ್ತೀಯ?"

"ಬೆಂಕಿ ಆರಿಸ್ತೀನಿ."

"ಯಾರ ಮಾತು ಕೇಳ್ತೀಯ?"

"ಯಾರದೂ ಇಲ್ಲ. ನಿನ್ನದೂ ಇಲ್ಲ."

"ಹೂಂ," ಎಂದ. ಆ ದಿನದಿಂದ ಅವನು ಬಿಡಲಿಲ್ಲ. ನಲ್ಲಿಗಳ ಹೆಸರನ್ನೆಲ್ಲ ಮಗ್ಗಿಯ ಹಾಗೆ ಒಪ್ಪಿಸಬೇಕಾಗಿತ್ತು. ತಪ್ಪಿದರೆ, "ಇಸ್ತ್ರಿ ತಿಕ್ಕೋ ತಲೆಗೆ ಇಷ್ಟೇ ಹಿಡಿಯೋದು," ಎಂದು ಹಂಗಿಸುತ್ತಿದ್ದ. ನಾನೂ ಬಿಡುತ್ತಿರಲಿಲ್ಲ. ಪಂಪು ನೀರೆತ್ತುವಾಗಿನ ಸದ್ದು ಭಾರ, ಗಾಳಿಯಲ್ಲಿ ತಿರುಗುವಾಗಿನ ಸದ್ದು ಹಗುರ ಎಂದು ಇಪ್ಪತ್ತು ಸಲ ಕೇಳಿಸಿದ. ನನಗೆ ಎರಡೂ ಒಂದೇ ರಾಗ. "ನಿನ್ನ ಕಿವೀಲಿ ಹತ್ತಿ ಇದೆ," ಎಂದು ಕೈಬಿಟ್ಟ. ಅವನು ಹೀಗೆ ಮನಸ್ಸಿಟ್ಟು ಕಲಿಸಿದಷ್ಟೂ ನನ್ನ ಸಂಕಟ ಹೆಚ್ಚಾಯಿತು. ಇಡೀ ಕಾರ್ಖಾನೆಯಲ್ಲಿ ತನ್ನ ಕಡೆ ನಿಂತವಳು ಇವಳೊಬ್ಬಳೇ ಎಂದು ಇವನು ಪ್ರಾಣ ತೇಯುತ್ತಿದ್ದಾನೆ ಅಂದುಕೊಂಡೆ. ಎರಡು ಸಲ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಎರಡು ಸಲವೂ ಬೇರೇನೋ ಕೇಳಿ ಸುಮ್ಮನಾದೆ.

ಬುಧವಾರ ಸಂಜೆ ಅವನು ಸ್ಟೂಲನ್ನು ಎತ್ತಿಕೊಂಡು ಕೋಣೆಯಿಂದ ಹೊರಟ. ನಾಳೆಯಿಂದ ಅವನ ಸರದಿ ಮಡಿಕೆಯ ಮೇಜಿನಲ್ಲಿ. ಬಾಗಿಲಲ್ಲಿ ನಿಂತು ಗೋಡೆಯನ್ನು ಒಮ್ಮೆ ಸವರಿದ. "ನಾಳೆ ನಾನು ಈ ಹೊಸ್ತಿಲು ದಾಟಲ್ಲ. ಸರದಿಯಲ್ಲಿ ಇಲ್ಲದೋರು ಇನ್ನೊಬ್ಬರ ಯಂತ್ರ ಮುಟ್ಟಬಾರದು," ಎಂದ. ಐದು ವರ್ಷ ಆ ನಿಯಮವನ್ನು ಬೇರೆಯವರ ಮೇಲೆ ಮಾತ್ರ ಹೇರಿದ್ದವನು ಅವನು. ನಗಬೇಕೆನಿಸಿತು, ಆಗಲಿಲ್ಲ.

ಗುರುವಾರ ಬೆಳಿಗ್ಗೆ ಆರಕ್ಕೆ ಬೆಂಕಿ ಹಚ್ಚಿದೆ. ಏಳೂವರೆಗೆ ಮುಳ್ಳು ಸರಿಯಾದ ಜಾಗಕ್ಕೆ ಬಂತು. ಆಚೆ ಇಸ್ತ್ರಿಯ ದೊಡ್ಡ ರೋಲರುಗಳು ತಿರುಗತೊಡಗಿದವು, ಹಾಸುಗಳು ಒಂದರ ಹಿಂದೊಂದು ಬಿಸಿಯಾಗಿ ಹೊರಬರುತ್ತಿದ್ದವು. ಕೆಲಸ ನಡೆಯುತ್ತಿತ್ತು. ಒಂಬತ್ತಕ್ಕೆ ಸ್ವಲ್ಪ ಮುಂಚೆ ಗೆರೆ ಕೆಳಗಿಳಿಯಿತು. ಪಂಪು ಹಾಕಿದೆ. ಅಷ್ಟರಲ್ಲಿ ಗಾಡಿಯವನು ಓಡಿ ಬಂದು, "ಬಂದ್ರು, ಬಂದ್ರು! ಗೇಟಲ್ಲಿದ್ದಾರೆ. ಬಾಯ್ಲರಿನೋರು ಯಾರು ಅಂತ ಕೇಳ್ತಿದ್ದಾರೆ," ಎಂದ. ಸೆರಗಿಗೆ ಕೈ ಒರೆಸಿಕೊಂಡು ಓಡಿದೆ.

ಅಧಿಕಾರಿ ಸಣಕಲು ಹೆಂಗಸು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದರು, ಕಾಲಲ್ಲಿ ದಪ್ಪ ಬೂಟು. ಗೇಟಿನಲ್ಲೇ ಹಳೆಯ ಪತ್ರ ಕೇಳಿದರು. ಅದು ದೊಡ್ಡಕ್ಕನ ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಇನ್ಯಾರದೋ ಸೊಂಟದಲ್ಲಿತ್ತು. ಎಲ್ಲವೂ ಎಲ್ಲರದೂ ಆದ ಕಡೆ ಬೀಗದ ಕೈ ಹುಡುಕುವುದು ಒಂದು ದೊಡ್ಡ ಕತೆ. ಪತ್ರ ಸಿಕ್ಕಿ, ಅವರು ಓದಿ, ಏನೇನೋ ಕೇಳಿ, ನಾನು ಉತ್ತರ ಕೊಟ್ಟು, ಇಬ್ಬರೂ ಬಾಯ್ಲರಿನ ಕೋಣೆಗೆ ಬರುವಷ್ಟರಲ್ಲಿ ಕಾಲು ಗಂಟೆ ಮೇಲಾಗಿತ್ತು.

ಪಂಪು ಓಡುತ್ತಲೇ ಇತ್ತು.

ಹಾರಿ ಹೋಗಿ ಅದನ್ನು ನಿಲ್ಲಿಸಿ ಗಾಜಿನ ಕಡೆ ತಿರುಗಿದೆ. ಗೆರೆ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೂ ಬರೀ ಗಾಜು.

"ನೀರು ಎಷ್ಟಿದೆ?" ಎಂದು ಅಧಿಕಾರಿ ಕೇಳಿದರು. ಕನ್ನಡಕವನ್ನು ಕೆಳಗಿಳಿಸಿಕೊಂಡು ಅವರೂ ಗಾಜನ್ನು ನೋಡಿದರು. ನನಗಿಂತ ಚೆನ್ನಾಗಿ ಅವರಿಗೆ ಅರ್ಥವಾಗಿತ್ತು. ಆದರೂ ಏನೂ ಹೇಳಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲಿನಲ್ಲಿ ನಿಂತರು. "ಹೇಳಿ. ತುಂಬಿದೆಯಾ, ಖಾಲಿಯಾ?"

ಹದಿನೈದು ನಿಮಿಷ ಪಂಪು ಓಡಿದೆ. ನೀರೆತ್ತಿದ್ದರೆ ಹೊಟ್ಟೆ ತುಂಬಿದೆ. ಗಾಳಿಯಲ್ಲಿ ತಿರುಗಿದ್ದರೆ ಅಷ್ಟೂ ಹೊತ್ತು ಕೆಳಗೆ ಬೆಂಕಿ ಉರಿಯುತ್ತಿದ್ದು ಒಳಗೆ ಒಣಗಿದೆ. ಗಾಜಿನ ಕೆಳಗಿನ ಪುಟ್ಟ ನಲ್ಲಿ ತಿರುಗಿಸಿದೆ. ಬುಸ್ಸೆಂದು ಬೆಳ್ಳಗೆ ಬಂತು. ಅದು ನೀರೋ, ಉಗಿಯೋ? ಅಷ್ಟು ಒತ್ತಡದಲ್ಲಿರುವ ನೀರೂ ಹೊರಬಿದ್ದ ಕೂಡಲೇ ಉಗಿಯಾಗಿಬಿಡುತ್ತದೆ. ನೀರಾದರೆ ಬಟ್ಟೆ ಹರಿದ ಸದ್ದು, ಉಗಿಯಾದರೆ ಸೀಟಿಯ ಸದ್ದು ಎಂದು ಅಣ್ಣ ಹೇಳಿದ್ದ. ನನ್ನ ಕಿವಿಗೆ ಅದು ಎರಡೂ ಆಗಿ ಕೇಳಿಸಿತು.

"ತುಂಬಿದೆ."

ಅಣ್ಣನ ದನಿ. ಮಡಿಕೆಯ ಮೇಜು ಗೋಡೆಯ ಆಚೆ ಪಕ್ಕದಲ್ಲೇ ಇರುವುದು. ಅವನು ಎದ್ದು ಬಂದು ಹೊಸ್ತಿಲ ಆಚೆ, ಅಧಿಕಾರಿಯ ಬೆನ್ನ ಹಿಂದೆ ನಿಂತಿದ್ದ. ಅವನ ಹಿಂದೆ ದೊಡ್ಡಕ್ಕ, ಗಾಡಿಯವನು, ಇನ್ನೂ ಕೆಲವರು.

"ತುಂಬಿದೆ ಕಣೇ. ಅಷ್ಟೂ ಹೊತ್ತು ಕೇಳಿಸ್ಕೊಂಡಿದ್ದೀನಿ. ಪಂಪು ಭಾರವಾಗೇ ತಿರುಗ್ತಿತ್ತು. ತಳದ ನಲ್ಲಿ ಬಿಚ್ಚಿ ಸ್ವಲ್ಪ ನೀರು ಬಿಡು, ಗೆರೆ ಇಳಿದು ಬರುತ್ತೆ. ಬೆಂಕಿ ಆರಿಸಬೇಡ. ಆರಿಸಿದ್ರೆ ಇವರು ಪತ್ರ ಕೊಡಲ್ಲ."

ಇವನ ಕಿವಿ ಇಪ್ಪತ್ತೆರಡು ವರ್ಷ ತಪ್ಪಿಲ್ಲ. ತುಂಬಿದ್ದರೆ ಅವನು ಹೇಳಿದ್ದೇ ಸರಿ, ಅರ್ಧ ನಿಮಿಷದ ಕೆಲಸ. ಖಾಲಿಯಿದ್ದರೆ, ಇದ್ದ ಎರಡು ಹನಿಯನ್ನೂ ನನ್ನ ಕೈಯಾರೆ ಹೊರಗೆ ಬಿಟ್ಟಂತೆ. ನನ್ನ ಒಂದು ಕೈ ತಳದ ನಲ್ಲಿಯ ಮೇಲಿತ್ತು, ಇನ್ನೊಂದು ಕೆಂಪು ಹಿಡಿಯ ಮೇಲೆ. ಆಚೆ ರೋಲರುಗಳು ತಿರುಗುತ್ತಿದ್ದವು. ಇಪ್ಪತ್ತು ಹೆಜ್ಜೆ ದೂರದಲ್ಲಿ ಬಸುರಿ ಹೆಂಗಸೊಬ್ಬಳು ಹಾಸು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಬಿಡೇ, ಯಾಕೆ ಕಲ್ಲಿನ ಹಾಗೆ ನಿಂತಿದ್ದೀಯ!" ಎಂದು ಅಣ್ಣ ಕೂಗಿದ.

"ಅಣ್ಣಾ," ಎಂದೆ. "ಗೆರೆ ಕಾಣಿಸ್ತಾ ನಿನಗೆ?"

ಅವನು ಸುಳ್ಳು ಹೇಳಬಹುದಾಗಿತ್ತು. ಅಲ್ಲಿಂದ ಸರಿಯಾಗಿ ಕಾಣಲ್ಲ ಎನ್ನಬಹುದಾಗಿತ್ತು, ನೀನು ಅಡ್ಡ ನಿಂತಿದ್ದೀಯ ಎನ್ನಬಹುದಾಗಿತ್ತು. ಅವನ ತುಟಿ ಒಮ್ಮೆ ಅಲುಗಿತು.

"ಇಲ್ಲ," ಎಂದ. "ಗೆರೆ ಅಲ್ಲ, ನನಗೆ ಗಾಜೇ ಕಾಣಿಸಲ್ಲ. ಒಂದೂವರೆ ವರ್ಷ ಆಯ್ತು."

ದೊಡ್ಡಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಕೆಂಪು ಹಿಡಿಯನ್ನು ಎಳೆದೆ.

ಬೆಂಕಿ ಒಮ್ಮೆ ಕೆಮ್ಮಿ ಆರಿತು. ಐದು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಆ ಕೋಣೆ ಅಷ್ಟು ನಿಶ್ಶಬ್ದವಾಗಿದ್ದನ್ನು ಯಾರೂ ಕೇಳಿರಲಿಲ್ಲ. ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಆಚೆ ರೋಲರುಗಳನ್ನು ನಿಲ್ಲಿಸಿದರು. ಯಾರೋ ಬಿಕ್ಕಿದ ಸದ್ದು ಕೇಳಿತು. ನಾನು ತಿರುಗಿ ನೋಡಲಿಲ್ಲ. ಅಣ್ಣನ ಮಾನವನ್ನು ಎಲ್ಲರ ಎದುರು ಬಿಚ್ಚಿಟ್ಟು ಕಾರ್ಖಾನೆಯನ್ನೂ ಮುಳುಗಿಸಿದವಳು ನಾನು ಎಂದುಕೊಂಡು ಗೋಡೆ ನೋಡುತ್ತಾ ನಿಂತೆ.

ಒತ್ತಡ ಪೂರ್ತಿ ಇಳಿಯುವವರೆಗೂ ಅಧಿಕಾರಿ ಕೈಗಡಿಯಾರ ನೋಡುತ್ತಾ ನಿಂತಿದ್ದರು. ಮುಕ್ಕಾಲು ಗಂಟೆ. ಆಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು, ಬಾಯ್ಲರಿನ ಪಕ್ಕೆಯಲ್ಲಿ ಎಲ್ಲಕ್ಕಿಂತ ಮೇಲಿದ್ದ ನಲ್ಲಿಯನ್ನು ತಾವೇ ತಿರುಗಿಸಿದರು. ಅಲ್ಲಿಂದ ನೀರು ಸುರಿಯಿತು, ಧಾರೆಧಾರೆಯಾಗಿ.

"ತುಂಬಿದೆ," ಎಂದರು. "ಮೇಲಿನವರೆಗೂ."

"ಅಯ್ಯೋ, ಅಣ್ಣ ಹೇಳಿದ್ದೇ ಸರಿಯಾಗಿತ್ತಲ್ಲಪ್ಪಾ!" ಎಂದ ಗಾಡಿಯವನು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಧಿಕಾರಿ ಅವನ ಕಡೆ ತಿರುಗಿದರು. "ಸರಿಯಾಗಿತ್ತು, ಈ ಸಲ. ಖಾಲಿ ಇದ್ದಿದ್ರೆ ಅದನ್ನ ಹೇಳೋಕೆ ನೀವು ಯಾರೂ ಇರ್ತಿರಲಿಲ್ಲ." ಚೀಲದಿಂದ ಹಾಳೆ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡು ಬರೆಯತೊಡಗಿದರು. "ಪಂಪು ಬಿಟ್ಟು ಹೋದದ್ದು ತಪ್ಪು. ಬರೀತಿದ್ದೀನಿ. ಆರಿಸಿದ್ದು ಸರಿ. ಅದನ್ನೂ ಬರೀತಿದ್ದೀನಿ. ಪಂಪಿನ ಆ ಕೆಟ್ಟ ಸಾಮಾನು ಒಂದು ತಿಂಗಳಲ್ಲಿ ಬದಲಾಗಬೇಕು. ಆಗದಿದ್ರೆ ನಾನೇ ಬಂದು ಮುಚ್ಚಿಸ್ತೀನಿ. ಅಲ್ಲೀವರೆಗೂ ಉರಿಸಬಹುದು." ತಲೆ ಎತ್ತಿ ನನ್ನನ್ನು ನೋಡಿದರು. "ಅಷ್ಟು ಜನರ ಎದುರು ಒಬ್ಬರು ಬೇಡ ಅಂತ ಕೂಗ್ತಿರುವಾಗ ಬೆಂಕಿ ಆರಿಸೋರು ಕಡಿಮೆ. ಯಾರು ಕಲಿಸಿದ್ದು ನಿಮಗೆ?"

"ನಮ್ಮಣ್ಣ," ಎಂದೆ. ಬೆರಳು ಮಾಡಿ ತೋರಿಸಲು ತಿರುಗಿದಾಗ ಹೊಸ್ತಿಲ ಬಳಿ ಅವನಿರಲಿಲ್ಲ.

ಅವನು ಮಡಿಕೆಯ ಮೇಜಿಗೆ ಹೋಗಿದ್ದ. ಇಡೀ ದಿನ ಅಲ್ಲೇ ಇದ್ದ. ಮಧ್ಯಾಹ್ನ ಬೆಂಕಿ ಮತ್ತೆ ಹತ್ತಿತು, ರೋಲರುಗಳು ತಿರುಗಿದವು, ವ್ಯಾನು ಎರಡು ಸಲ ಆಸ್ಪತ್ರೆಗೆ ಹೋಗಿ ಬಂತು. ನಾನು ಕೋಣೆ ಬಿಟ್ಟು ಕದಲಲಿಲ್ಲ, ನೀರು ಕುಡಿಯಲೂ ಏಳಲಿಲ್ಲ. ಸಂಜೆ ಬೆಂಕಿ ಆರಿಸಿ, ಎಲ್ಲರೂ ಕೈಕಾಲು ತೊಳೆಯಲು ಹೋದ ಮೇಲೆ ಅವನ ಹತ್ತಿರ ಹೋದೆ. ಅವನು ಇನ್ನೂ ಮಡಿಸುತ್ತಿದ್ದ. ಅಂಚನ್ನು ಬೆರಳಿನಿಂದ ಹುಡುಕಿ, ಮೂಲೆಗೆ ಮೂಲೆ ಸೇರಿಸಿ, ಅಂಗೈಯಿಂದ ಒತ್ತಿ. ಅವನ ಪಕ್ಕದ ರಾಶಿ ಬೇರೆಯವರ ರಾಶಿಗಿಂತ ಎತ್ತರವಾಗಿತ್ತು, ನೇರವಾಗಿಯೂ ಇತ್ತು.

"ಅಣ್ಣ, ನಾನು ಬೇಕಂತ ಹಾಗೆ ಕೇಳಲಿಲ್ಲ. ಎಲ್ಲರೆದುರು..."

"ಕೇಳಿದ್ದು ಸರಿ. ನಾನು ಹೇಳಿಕೊಟ್ಟಿದ್ದನ್ನೇ ಮಾಡ್ದೆ."

"ಪಂಪು ಓಡ್ತಿದ್ದದ್ದು ನಿನಗೆ ಕೇಳಿಸ್ತಿತ್ತಲ್ಲ. ಆಗಲೇ ಒಂದು ಕೂಗು ಹಾಕಬಾರದಿತ್ತಾ?"

"ಸರದಿ ನಿನ್ನದು. ಕೂಗೋಕೆ ಬಾಯಿ ಬಂದಿತ್ತು, ಹಲ್ಲು ಕಚ್ಚಿಕೊಂಡು ಕೂತೆ. ಇವತ್ತು ಕೂಗಿದ್ರೆ ನಾಳೆಯೂ ಕೂಗ್ತೀನಿ, ನಾಡಿದ್ದೂ ಕೂಗ್ತೀನಿ. ಆಮೇಲೆ ನಿನಗೂ ನಾನು ಮಾಲೀಕನೇ ಆಗ್ತೀನಿ." ಒಂದು ಮಡಿಕೆ ಬಿಚ್ಚಿ ಮತ್ತೆ ಮಡಿಸುತ್ತಾ, "ಕೊನೆಗೆ ತಡೆಯೋಕಾಗಲಿಲ್ಲ, ಕೂಗೇಬಿಟ್ಟೆ. ಹಾಳು ಬಾಯಿ," ಎಂದ.

ಇನ್ನು ಸುಳ್ಳನ್ನು ಹೊತ್ತುಕೊಂಡು ಆ ಮನೆಯಲ್ಲಿ ಇನ್ನೊಂದು ತುತ್ತು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಅಣ್ಣ, ಇನ್ನೊಂದು ಮಾತಿದೆ. ಆ ದಿನ ಸಭೇಲಿ ನಾನು..."

"ಬಿಳಿ ಹಾಕಿದ್ದೆ," ಎಂದು ಅವನೇ ಮುಗಿಸಿದ.

"ನಿನಗೆ ಹೇಗೆ ಗೊತ್ತಾಯ್ತು?" ಎಂದೆ.

"ನೀನು ಎದ್ದು ನಿಂತೆಯಲ್ಲ, ಆ ಗಳಿಗೇಲೇ ಗೊತ್ತಾಯ್ತು," ಎಂದ. ಕೈ ಮಡಿಸುತ್ತಲೇ ಇತ್ತು. "ಇದ್ದದ್ದು ಒಂದೇ ಕಪ್ಪು ಗುಂಡಿ. ಅದನ್ನ ಹಾಕಿದ್ದು ನಾನು. ಅಷ್ಟು ದೊಡ್ಡ ಮಾತಾಡಿ, ಡಬ್ಬಿಯೊಳಗೆ ಕೈ ಹೋದ ಮೇಲೆ ಬೆರಳು ದಪ್ಪ ಗುಂಡಿಯನ್ನೇ ಬಿಟ್ಟಿತು. ಎದ್ದು ನಿಲ್ಲೋಕೆ ನಾಚಿಕೆಯಾಗಿ ಕೂತೇ ಇದ್ದೆ. ಅಷ್ಟರಲ್ಲಿ ನೀನು ಎದ್ದೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಒಂಬತ್ತು ದಿನ ನಾನು ಒಳಗೊಳಗೇ ಬೆಂದದ್ದೆಲ್ಲ ನೆನಪಾಯಿತು. "ಹಾಗಾದ್ರೆ ನಾನು ನಿನ್ನ ಕಡೆ ಇರಲಿಲ್ಲ ಅಂತ ಮೊದಲ ದಿನದಿಂದ ನಿನಗೆ ಗೊತ್ತಿತ್ತು. ಮತ್ಯಾಕೆ ಅಷ್ಟು ಜೀವ ಕೊಟ್ಟು ಕಲಿಸಿದೆ? ಬೈದು ಓಡಿಸಬಾರದಿತ್ತಾ?"

"ಮೂರು ದಿನ ಓಡಿಸೋಕೇ ನೋಡಿದೆ. ನೀನು ಹೋಗಲಿಲ್ಲ." ಅವನು ಮೊದಲ ಸಲ ಕೈ ನಿಲ್ಲಿಸಿ ನನ್ನ ದನಿಯ ಕಡೆ ಮುಖ ಎತ್ತಿದ. "ಆ ನಿಯಮ ಯಾರು ಮಾಡಿದ್ದು? ಬೇಡ ಅಂದೋನು ನಾನು. ಹಾಗಾದ್ರೆ ನನ್ನನ್ನ ಇಳಿಸೋ ಕೆಲಸ ಯಾರದು, ಹೇಳು?"

ಸೆರಗಿನಿಂದ ಮೂಗು ಒರೆಸಿಕೊಂಡೆ.

"ಮುಂದಿನ ಸಭೇಲಿ ನಾನೇ ಎದ್ದು ಹೇಳ್ತೀನಿ," ಎಂದ.

"ನಾನೂ ಹೇಳ್ತೀನಿ."

"ಹೇಳು. ಇಬ್ಬರಿಗೂ ಸೇರಿಸಿ ಶೌಚಾಲಯ ತೊಳೆಯೋ ಸರದಿ ಹಾಕ್ತಾಳೆ ದೊಡ್ಡಕ್ಕ." ಅವನು ರಾಶಿಯಿಂದ ಇನ್ನೊಂದು ಹಾಸು ಎಳೆದು ಕೊಡವಿದ. ಅದು ಡಬಲ್ ಹಾಸು, ಒಬ್ಬರಿಂದ ಆಗುವಂಥದ್ದಲ್ಲ. "ಸುಮ್ಮನೆ ನಿಂತಿದ್ದೀಯಲ್ಲ, ಆ ತುದಿ ಹಿಡ್ಕೋ."

ನಾನು ಹೋಗಿ ಹಿಡಿದುಕೊಂಡೆ.